ನೆಲದ ಮೇಲೆ ಕೂತು ಪಿಟೀಲು ನುಡಿಸುವವರು ಲೂಪರ್ ಕೊಳ್ಳುವ ಮುಂಚೆ

ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಲೂಪರ್ ಅಂದರೆ ನಾವು ನುಡಿಸಿದ್ದನ್ನು ಅಲ್ಲೇ ಹಿಡಿದು, ನಿಲ್ಲಿಸು ಅನ್ನುವವರೆಗೂ ಮತ್ತೆ ಮತ್ತೆ ಕೇಳಿಸುವ ಪೆಟ್ಟಿಗೆ. ಅದರ ಮೇಲೆ ಇನ್ನೊಂದು ಪದರವನ್ನೂ ನುಡಿಸಬಹುದು. ಇದರ ಬಗ್ಗೆ ಸಿಗುವ ಮಾತೆಲ್ಲ ಹೆಚ್ಚಾಗಿ ಗಿಟಾರ್‌ನವರದ್ದು. ಅವರು ನಿಂತೋ ಕುರ್ಚಿಯಲ್ಲಿ ಕೂತೋ ನುಡಿಸುತ್ತಾರೆ, ಲೂಪರ್ ಶುರುಮಾಡಿ ನಿಲ್ಲಿಸುವ ಪೆಡಲ್ ಒತ್ತಲು ಒಂದು ಕಾಲು ಯಾವಾಗಲೂ ಬಿಡುವಾಗಿರುತ್ತೆ.

ನಮ್ಮದು ಹಾಗಲ್ಲ. ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತುದಿಯನ್ನು ಬಲಪಾದದ ಮೇಲೆ ಊರಿದ ಮೇಲೆ ಆ ಕಾಲು ಅಲ್ಲಾಡುವ ಹಾಗಿಲ್ಲ. ಎಡಗಾಲು ಮಡಚಿದೆ. ಎಡಗೈ ತಂತಿಯ ಮೇಲೆ, ಬಲಗೈಯಲ್ಲಿ ಕಮಾನು. ಇನ್ನು ಪೆಡಲ್ ಒತ್ತುವುದು ಯಾವುದರಿಂದ? ಪೆಟ್ಟಿಗೆ ಬಿಚ್ಚಿ ಚಾಪೆಯ ಮೇಲೆ ಇಟ್ಟ ದಿನವೇ ನನಗೆ ಈ ಪ್ರಶ್ನೆ ಎದುರಾಯಿತು. ಎಡ ಮೊಣಕಾಲಿನ ಕೆಳಗೆ ದಪ್ಪ ಪುಸ್ತಕ, ಅದರ ಮೇಲೆ ಪೆಡಲ್ ಇಟ್ಟು ಮೊಣಕಾಲಿಂದ ಒತ್ತಿ ನೋಡಿದೆ. ಒತ್ತಿದಾಗ ಮೈ ಅಲುಗುತ್ತೆ, ಮೈ ಅಲುಗಿದರೆ ಕಮಾನು ನಡುಗುತ್ತೆ, ಆ ನಡುಕವೂ ರೆಕಾರ್ಡ್ ಆಗಿ ಪ್ರತಿ ಸುತ್ತಿಗೂ ಕೇಳುತ್ತೆ. ಇದಕ್ಕೋಸ್ಕರ ಕುರ್ಚಿಗೆ ಹೋಗುವುದು ನನಗೆ ಒಪ್ಪಿಗೆ ಇಲ್ಲ. ಹಿಡಿತವೇ ಬದಲಾದರೆ ಗಮಕಕ್ಕೆ, ಅಂದರೆ ಸ್ವರವನ್ನು ತೂಗಿಸಲು, ಕೈ ಜಾರುವ ರೀತಿಯೂ ಬದಲಾಗುತ್ತೆ, ಮತ್ತೆ ಎರಡೆರಡು ಸಲ ಕಲಿಯಬೇಕು.

ಹಾಗಾಗಿ ನಾವು ಮೊದಲು ನೋಡಬೇಕಾದ್ದು ಒಂದೇ: ಒತ್ತದೆಯೇ ಶುರುವಾಗಿ ಒತ್ತದೆಯೇ ಮುಗಿಯುತ್ತಾ? ಕೆಲವು ಲೂಪರ್‌ಗಳು ಮೊದಲ ನಾದ ಕೇಳಿದ ಕೂಡಲೇ ತಾವೇ ರೆಕಾರ್ಡ್ ಶುರು ಮಾಡುತ್ತವೆ. ಇದರಿಂದ ಅರ್ಧ ಕಷ್ಟ ಮಾತ್ರ ಕಡಿಮೆ, ಕೊನೆಯಲ್ಲಿ ಒತ್ತಲೇಬೇಕು. ವೇಗ ಇಷ್ಟು, ಎಣಿಕೆ ಇಷ್ಟು ಅಂತ ಮೊದಲೇ ಹೇಳಿಟ್ಟರೆ ಎಣಿಸಿಕೊಂಡು ತಾನೇ ಶುರುವಾಗಿ ತಾನೇ ಮುಗಿಯುವಂಥದ್ದು ಸಿಕ್ಕರೆ ಅದೇ ನಮ್ಮದು. ಫೋನ್ ಮತ್ತು ಟ್ಯಾಬ್‌ನ ಲೂಪರ್ ಆ್ಯಪ್‌ಗಳಲ್ಲಿ ಈ ಸೌಕರ್ಯ ಇರುವಂಥವು ಸಿಗುತ್ತವೆ, ಆದ್ದರಿಂದ ಪೆಡಲ್‌ಗೆ ದುಡ್ಡು ಹಾಕುವ ಮುಂಚೆ ಒಂದು ತಿಂಗಳು ಆ್ಯಪ್‌ನಲ್ಲೇ ಅಭ್ಯಾಸ ಮಾಡಿ. ಆದಿತಾಳಕ್ಕೆ ಏನೂ ತೊಂದರೆ ಇಲ್ಲ, 8 ಅಕ್ಷರ (ಎಣಿಕೆ) ಅಂದರೆ ಲೂಪರ್ ಮಾಡುವವರ ಲೆಕ್ಕದಲ್ಲಿ ನಾಲ್ಕರ ಎರಡು ಅಳತೆ. ಖಂಡ ಛಾಪು ತಾಳಕ್ಕೆ 5, ಮಿಶ್ರ ಛಾಪಿಗೆ 7 ಹಾಕಲು ಬರುತ್ತಾ ಅಂತ ಮಾತ್ರ ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ.

ತಾವೇ ಒತ್ತಿ ಶುರುಮಾಡಿ ಮುಗಿಸುವವರಿಗೂ ಒಂದು ಲೆಕ್ಕ. ನಿಮಿಷಕ್ಕೆ 60 ಎಣಿಕೆ ಇಟ್ಟರೆ ಆದಿತಾಳದ ಒಂದು ಆವರ್ತಕ್ಕೆ, ಅಂದರೆ ಒಂದು ಸುತ್ತಿಗೆ, 8 ಸೆಕೆಂಡ್. ಮುಗಿಸುವಾಗ ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಯಿತು ಅನ್ನಿ. ಲೂಪ್ 8.1 ಸೆಕೆಂಡ್ ಆಯಿತು. ಒಂಟಿಯಾಗಿ ಕೇಳಿದರೆ ಗೊತ್ತೇ ಆಗಲ್ಲ. ಪಕ್ಕದಲ್ಲಿ ತಾಳದ ಪೆಟ್ಟಿಗೆ ಓಡುತ್ತಿದ್ದರೆ ಹತ್ತನೇ ಆವರ್ತಕ್ಕೆ ಸರಿಯಾಗಿ ಒಂದು ಅಕ್ಷರ ಹಿಂದೆ ಬಿದ್ದಿರುತ್ತೀರಿ! ಅದಕ್ಕೇ ಎರಡೂ ಸಲ ಸಮದಲ್ಲೇ, ಅಂದರೆ ತಾಳದ ಮೊದಲ ಎಣಿಕೆಯಲ್ಲೇ, ಒತ್ತಿ. ಸಾಹಿತ್ಯ ಅರ್ಧ ಅಕ್ಷರ ತಳ್ಳಿ ಶುರುವಾಗುವ ಕೃತಿಯಾದರೂ ಅಷ್ಟೇ. ಎಡುಪಿನಲ್ಲಿ (ಸಾಹಿತ್ಯ ಶುರುವಾಗುವ ಜಾಗದಲ್ಲಿ) ಒತ್ತಿ ಎಡುಪಿನಲ್ಲೇ ಮುಗಿಸಿದರೂ ಉದ್ದ ಸರಿ ಬರುತ್ತೆ ನಿಜ, ಆದರೆ ನಮಗೆ ಗಟ್ಟಿಯಾಗಿ ಸಿಗುವ ಜಾಗ ಸಮವೇ ಅಲ್ವಾ.

ಎಷ್ಟು ನಿಮಿಷ ರೆಕಾರ್ಡ್ ಆಗುತ್ತೆ ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಟಿಸಿ ಎಲೆಕ್ಟ್ರಾನಿಕ್‌ನ ಪುಟ್ಟ ಡಿಟ್ಟೊ ಪೆಡಲ್ 5 ನಿಮಿಷ ಹಿಡಿಯುತ್ತೆ, ಬಾಸ್ ಆರ್‌ಸಿ-1 12 ನಿಮಿಷ. ನಿಮಿಷಕ್ಕೆ 60 ಎಣಿಕೆಯಲ್ಲಿ ಮೊದಲ ಸರಳೆ ವರಸೆ (ಕಲಿಯುವವರ ಮೊದಲ ಪಾಠ) ಆರೋಹಣ ಅವರೋಹಣ ಸೇರಿ 16 ಸೆಕೆಂಡ್ ಅಷ್ಟೇ.

ಇನ್ನು ಶ್ರುತಿ. ಜೊತೆಗೆ ಓಡಿಸಿಕೊಂಡು ನುಡಿಸಲು ಬ್ಯಾಕಿಂಗ್ ಟ್ರ್ಯಾಕ್ ಅಂತ ಸಿಗುವುದು ಬಹುಪಾಲು ಕೀಬೋರ್ಡಿನ ಕಾರ್ಡ್‌ಗಳು (ಒಟ್ಟಿಗೆ ನುಡಿಯುವ ಹಲವು ಸ್ವರಗಳು), ರಾಗಕ್ಕೆ ಅವು ಬೇಡ. ಯಾಕೆ ಅಂದರೆ, ತಂಬೂರಿಯ ಮಂದ್ರ ಷಡ್ಜದ ತಂತಿಯಿಂದ ತಾನೇ ಹೊಮ್ಮುವ ಗಾಂಧಾರ ಷಡ್ಜದಿಂದ 386 ಸೆಂಟ್ (ಸ್ವರಗಳ ನಡುವಿನ ದೂರ ಅಳೆಯುವ ಮಾನ) ಮೇಲಿದೆ, ಕೀಬೋರ್ಡಿನದ್ದು 400. ಈ 14 ಸೆಂಟ್‌ನ ವ್ಯತ್ಯಾಸವೇ ಮಾಯಾಮಾಳವಗೌಳ ರಾಗದ ಅಂತರ ಗಾಂಧಾರ ಕೀಬೋರ್ಡಿನ ಜೊತೆ ನುಡಿಸುವಾಗ ಚುಚ್ಚಿದ ಹಾಗೆ ಕೇಳುವುದಕ್ಕೆ ಕಾರಣ. ನಮ್ಮ ಬ್ಯಾಕಿಂಗ್ ಟ್ರ್ಯಾಕ್ ಅಂದರೆ ತಂಬೂರಿ ಮತ್ತು ತಾಳ, ಅಷ್ಟೇ. ಈ ಎರಡಕ್ಕೂ ಪೆಟ್ಟಿಗೆ ಮಾಡಿಕೊಟ್ಟದ್ದು ನಮ್ಮ ಬೆಂಗಳೂರಿನ ರಾಡೆಲ್ ಕಂಪನಿ. ಅದನ್ನು ಕಟ್ಟಿದ ರಾಜ್ ನಾರಾಯಣ್ ಎಂಜಿನಿಯರ್, ಜೊತೆಗೆ ಕೊಳಲು ವಾದಕರು. ನುಡಿಸುವವರ ಕಷ್ಟ ಗೊತ್ತಿದ್ದವರ ಕೈಯಿಂದ ಅದು ಬಂತು ಅನ್ನುವುದು ನನಗೆ ತುಂಬಾ ಹೆಮ್ಮೆಯ ವಿಷಯ. ತಂಬೂರಿಯನ್ನು ಮಾತ್ರ ಲೂಪರ್ ಒಳಗೆ ಹಾಕಬೇಡಿ, ಬೇರೆಯಾಗಿ ಓಡಲಿ. ಒಳಗೆ ಹಾಕಿದರೆ ಲೂಪ್ ಸೇರುವ ಜಾಗದಲ್ಲಿ ನಾದ ಕತ್ತರಿಸಿದ ಹಾಗಾಗಿ ಪ್ರತಿ ಸುತ್ತಿಗೂ ಟಕ್ ಅನ್ನುತ್ತೆ.

ಪೆಡಲ್ಲೇ ಬೇಕು ಅನ್ನುವವರಿಗೆ: ಅದರೊಳಗೆ ಸ್ಪೀಕರ್ ಇರಲ್ಲ, ಆಂಪ್ಲಿಫೈಯರ್ ಬೇರೆ ಬೇಕು. ಪಿಟೀಲಿನ ಕುದುರೆಗೆ (ಬ್ರಿಡ್ಜ್‌ಗೆ) ಸಿಕ್ಕಿಸುವ, ನಾದ ಹಿಡಿಯುವ ಪಿಕಪ್ ಗಿಟಾರ್ ಪೆಡಲ್‌ಗೆ ನೇರವಾಗಿ ಹೊಂದುತ್ತೆ. ಹಾಡುವ ಮೈಕಿನ ಮೂರು ಕಡ್ಡಿಯ ಪಿನ್ ಹೊಂದಲ್ಲ. ಅಡಾಪ್ಟರ್ ಸಾಮಾನ್ಯವಾಗಿ 9 ವೋಲ್ಟ್, ನಡುವಿನ ಪಿನ್ ಮೈನಸ್. ಮನೆಯಲ್ಲಿ ಬಿದ್ದಿರುವ ಯಾವುದೋ ಒಂದನ್ನು ಸುಮ್ನೆ ಚುಚ್ಚಬೇಡಿ.

ಬ್ಲೂಟೂತ್ ಇಯರ್‌ಫೋನ್ ಬಗ್ಗೆ ಕೇಳುವವರು ತುಂಬಾ ಜನ. ತಂಬೂರಿ ಕೇಳುತ್ತಾ ನುಡಿಸುವುದಕ್ಕೆ ಪರವಾಗಿಲ್ಲ. ಫೋನಿನಲ್ಲೇ ಲೂಪ್ ಮಾಡುವಾಗ ಬೇಡವೇ ಬೇಡ. ಶಬ್ದ ಕಿವಿಗೆ ಬರುವುದು 0.1ರಿಂದ 0.2 ಸೆಕೆಂಡ್ ತಡ. ನಾವು ಆ ತಡವಾದ ತಾಳಕ್ಕೆ ಹೊಂದಿಸಿ ನುಡಿಸುತ್ತೇವೆ, ಫೋನ್ ಅದನ್ನು ಅಷ್ಟೇ ತಡವಾಗಿ ಬರೆದುಕೊಳ್ಳುತ್ತೆ. ನಿಮಿಷಕ್ಕೆ 80 ಎಣಿಕೆಯಲ್ಲಿ ಮೂರನೇ ಕಾಲದ (ಒಂದು ಎಣಿಕೆಗೆ ನಾಲ್ಕು ಸ್ವರದ ವೇಗ) ಒಂದು ಸ್ವರಕ್ಕೆ ಸಿಗುವುದೇ 0.19 ಸೆಕೆಂಡ್. ಅಂದರೆ ಅರ್ಧ ಸ್ವರದಿಂದ ಪೂರ್ತಿ ಒಂದು ಸ್ವರದವರೆಗೆ ಹಿಂದೆ! ತಂತಿ ಇರುವ ಹೆಡ್‌ಫೋನ್ ಹಾಕಿ.

ನಾನು ಈಗ ಮಾಡುವುದು ಹೀಗೆ. ಮೊದಲ ಸರಳೆ ವರಸೆಯನ್ನು ಒಂದನೇ ಕಾಲದಲ್ಲಿ 16 ಸೆಕೆಂಡ್ ಲೂಪ್ ಮಾಡುತ್ತೇನೆ. ಅದರ ಮೇಲೆ ಎರಡನೇ ಕಾಲ ನುಡಿಸಿದರೆ ಕೆಳಗಿನದ್ದು ಒಂದು ಸಲ ಮುಗಿಯುವಷ್ಟರಲ್ಲಿ ಮೇಲಿನದ್ದು ಸರಿಯಾಗಿ ಎರಡು ಸಲ ಆಗಬೇಕು. ಆಮೇಲೆ ಕಮಾನು ಕೆಳಗಿಟ್ಟು ಸುಮ್ಮನೆ ಕೇಳುತ್ತೇನೆ. ಮೊದಲೆರಡು ಸುತ್ತು ಎಲ್ಲ ಚೆನ್ನಾಗೇ ಇದೆ ಅನ್ನಿಸುತ್ತೆ. ನಾಲ್ಕನೇ ಸುತ್ತಿನ ಹೊತ್ತಿಗೆ ಎರಡನೇ ಕಾಲದ ಅವರೋಹಣದಲ್ಲಿ ನಿಷಾದ ಒಂದು ಕೂದಲೆಳೆ ಇಳಿದಿರುವುದು ಕೇಳತೊಡಗುತ್ತೆ. ಮೇಲಿನ ಪದರ ಅಳಿಸಿ, ಅದನ್ನಷ್ಟೇ ಮತ್ತೆ ನುಡಿಸುತ್ತೇನೆ.