ಕರ್ನಲ್ ಕೊಡುವ ಅಂಕಿಗೂ ಒಂದು ಹೆಸರು ಬೇಕು

ಪ್ರೊಸೆಸರ್ ಬಳಕೆ 37% ಎಂದು ಪರದೆ ಮೇಲೆ ಕಾಣುತ್ತದಲ್ಲ, ಆ 37 ಅನ್ನು ಲಿನಕ್ಸ್ ಕರ್ನಲ್ (ಕಂಪ್ಯೂಟರನ್ನು ನಡೆಸುವ ವ್ಯವಸ್ಥೆಯ ತಿರುಳು) ಯಾರಿಗೂ ಕೊಡುವುದೇ ಇಲ್ಲ. ಅದು ಕೊಡುವುದು ಬೂಟ್ ಆದಾಗಿನಿಂದ ಏರುತ್ತಾ ಬಂದ ಒಟ್ಟು ಲೆಕ್ಕವನ್ನು. ಕರೆಂಟ್ ಮೀಟರಿನ ಹಾಗೆ ಎರಡು ಸಲ ಓದಿ ಕಳೆದರೆ ಆ ನಡುವಿನ ಬಳಕೆ ಸಿಗುತ್ತದೆ. ಬಳಕೆಯನ್ನು ಪರದೆಯಲ್ಲಿ ತೋರಿಸುವ ‘ಟಾಪ್’ ಪ್ರೋಗ್ರಾಂ ಮಾಡುವುದೂ ಅದನ್ನೇ.

ಈ ಲೆಕ್ಕವನ್ನು ಯಾವ ರೂಪದಲ್ಲಿ ಕೊಡಬೇಕು ಎಂಬ ಜಗಳ ಹಳೆಯದು. ಓದಬಲ್ಲ ಪಠ್ಯ ಸಾಕು ಅನ್ನುವವರು ಒಂದು ಕಡೆ, ಕಂಪ್ಯೂಟರ್ ನೇರವಾಗಿ ಬಳಸುವ ಬೈನರಿ ರೂಪವೇ ವೇಗ ಅನ್ನುವವರು ಇನ್ನೊಂದು ಕಡೆ. ಅಂಕಿಯ ಜೊತೆ ಅದರ ಹೆಸರು ಬರುತ್ತದೋ ಇಲ್ಲವೋ ಅಂತ ಇಬ್ಬರೂ ಮೊದಲು ಕೇಳಬೇಕಿತ್ತು.

ಹಿಂದೆ, ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನಲ್ಲಿ, ಓಡುತ್ತಿರುವ ಪ್ರೋಗ್ರಾಂಗಳ ಪಟ್ಟಿ ಕೊಡುವ ‘ಪಿಎಸ್’ ಪ್ರೋಗ್ರಾಂ ನೇರವಾಗಿ ಕರ್ನಲ್‌ನ ಮೆಮೊರಿಗೇ ಕೈ ಹಾಕುತ್ತಿತ್ತು. ಕರ್ನಲ್ ಒಳಗೆ ಒಂದು ಜಾಗ ಆಚೀಚೆ ಆದರೂ ಪಿಎಸ್ ಕೆಡುತ್ತಿತ್ತು. 1984ರಲ್ಲಿ ಟಾಮ್ ಕಿಲಿಯನ್ ಎಂಟನೇ ಆವೃತ್ತಿಯ ಯುನಿಕ್ಸ್‌ಗಾಗಿ ‘ಪ್ರಾಕ್’ ತಂದರು: ಓಡುತ್ತಿರುವ ಪ್ರತಿ ಪ್ರೋಗ್ರಾಂ ಒಂದು ಫೈಲಾಗಿ ಕಾಣುವ ವ್ಯವಸ್ಥೆ. ಲಿನಕ್ಸ್ ಅದನ್ನೇ ಬೆಳೆಸಿ, ಯಾರು ಬೇಕಾದರೂ ಓದಬಲ್ಲ ಪಠ್ಯವಾಗಿಸಿತು. ದೊಡ್ಡ ಹೆಜ್ಜೆ ಅಲ್ವಾ? ಹೌದು, ಆದರೆ ಪಠ್ಯವಾದ ಮಾತ್ರಕ್ಕೆ ತೊಂದರೆ ಮುಗಿಯಲಿಲ್ಲ.

ಪ್ರಾಕ್‌ನಲ್ಲಿ ಪ್ರತಿ ಪ್ರೋಗ್ರಾಂಗೆ ಇರುವ ‘ಸ್ಟ್ಯಾಟ್’ ಫೈಲನ್ನೇ ನೋಡಿ. ಒಂದೇ ಸಾಲು, ಐವತ್ತಕ್ಕೂ ಜಾಸ್ತಿ ಕಾಲಂ, ನಡುವೆ ಬರೀ ಖಾಲಿ ಜಾಗ. 14ನೆಯದು ಪ್ರೋಗ್ರಾಂ ತಾನೇ ಬಳಸಿದ ಸಮಯ, 15ನೆಯದು ಅದಕ್ಕಾಗಿ ಕರ್ನಲ್ ಬಳಸಿದ ಸಮಯ. ಎಡದಿಂದ ಎಣಿಸಿಯೇ ತಿಳಿಯಬೇಕು. ಎರಡನೇ ಕಾಲಂನಲ್ಲಿ ಕಂಸದೊಳಗೆ ಪ್ರೋಗ್ರಾಂ ಹೆಸರಿದೆ. ಆ ಹೆಸರು 15 ಬೈಟ್‌ವರೆಗೆ ಇರಬಹುದು, ಪ್ರೋಗ್ರಾಂ ತಾನೇ ಬದಲಿಸಿಕೊಳ್ಳಲೂಬಹುದು. ಅದರಲ್ಲಿ ಒಂದು ಖಾಲಿ ಜಾಗ ಇದ್ದರೆ ಸಾಕು, ಸುಮ್ನೆ ಖಾಲಿ ಜಾಗದಲ್ಲಿ ತುಂಡರಿಸಿ ಓದುವವರಿಗೆ 14ನೆಯದು 15ಕ್ಕೆ ಜಾರುತ್ತದೆ. ಮೊದಲ ಮುಚ್ಚುವ ಕಂಸವನ್ನು ಹುಡುಕೋಣ ಅಂದರೆ, ಹೆಸರಿನೊಳಗೇ ಇನ್ನೊಂದು ಕಂಸ ಇರಬಹುದು! ಸಾಲಿನ ಕೊನೆಯಿಂದ ಹಿಂದಕ್ಕೆ ಬಂದು, ಕಟ್ಟಕಡೆಯ ಮುಚ್ಚುವ ಕಂಸ ಹಿಡಿದು, ಅಲ್ಲಿಂದ ಎಣಿಸುವುದೇ ಸರಿಯಾದ ದಾರಿ. ಇದನ್ನು ತಿದ್ದುವಂತೆಯೂ ಇಲ್ಲ. ಕರ್ನಲ್ ಬದಲಾದರೂ ಬಳಕೆದಾರರ ಪ್ರೋಗ್ರಾಂ ಮುರಿಯಬಾರದು ಎಂಬುದು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಅವರ ಗಟ್ಟಿ ನಿಯಮ.

ಈಗ ಪ್ರಾಕ್‌ನಲ್ಲೇ ಇರುವ, ಮೆಮೊರಿಯ ಲೆಕ್ಕ ಕೊಡುವ ‘ಮೆಮ್‌ಇನ್ಫೋ’ ಫೈಲ್ ತೆಗೆಯಿರಿ. ಸಾಲಿಗೊಂದು ಹೆಸರು, ಅದರ ಮುಂದೆ ಅಂಕಿ. 2014ರಲ್ಲಿ, 3.14ನೇ ಕರ್ನಲ್‌ನಲ್ಲಿ, ‘ಮೆಮ್‌ಅವೈಲಬಲ್’ ಎಂಬ ಹೊಸ ಸಾಲು ಸೇರಿತು. ಕೊನೆಗಲ್ಲ, ಮೂರನೇ ಸಾಲಾಗಿ! ಕೆಳಗಿನದೆಲ್ಲ ಒಂದೊಂದು ಸಾಲು ಜರುಗಿತು. ಹೆಸರು ನೋಡಿ ಓದುತ್ತಿದ್ದ ಪ್ರೋಗ್ರಾಂಗಳಿಗೆ ಏನೂ ಆಗಲಿಲ್ಲ.

ಹಾಗಾದರೆ ಎಲ್ಲವನ್ನೂ ಜೇಸನ್ ಎಂಬ, ಪ್ರತಿ ಅಂಕಿಗೂ ಹೆಸರು ಬರೆಯುವ ಪಠ್ಯ ರೂಪದಲ್ಲಿ ಕೊಡಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಹೆಸರೇನೋ ಸಿಗುತ್ತದೆ. ಆದರೆ ಸೆಕೆಂಡಿಗೊಮ್ಮೆ ಸಾವಿರಾರು ಅಂಕಿ ಓದುವಾಗ ಅದೇ ಹೆಸರುಗಳನ್ನು ಪ್ರತಿ ಸಲ ಬರೆದು, ಪ್ರತಿ ಸಲ ಬಿಡಿಸಬೇಕು. ಲಿನಕ್ಸ್‌ನದೇ ಇನ್ನೊಂದು ವ್ಯವಸ್ಥೆಯಾದ ‘ಸಿಸ್‌ಎಫ್‌ಎಸ್’ನಂತೆ ಅಂಕಿಗೊಂದು ಫೈಲ್ ಇಟ್ಟರೆ, ಪ್ರತಿಯೊಂದನ್ನೂ ತೆರೆದು, ಓದಿ, ಮುಚ್ಚುವ ಖರ್ಚು.

ನನಗೆ ತುಂಬಾ ಹಿಡಿಸಿದ್ದು 2021ರ 5.14ನೇ ಕರ್ನಲ್‌ನಲ್ಲಿ ಕೆವಿಎಂ (ಒಂದು ಕಂಪ್ಯೂಟರಿನೊಳಗೆ ಹಲವು ವರ್ಚುವಲ್ ಕಂಪ್ಯೂಟರ್ ಓಡಿಸುವ ಕರ್ನಲ್ ಭಾಗ) ತಂದ ದಾರಿ. ಅದು ಬೈನರಿಯೇ, ಆದರೆ ತನ್ನ ವಿವರಣೆಯನ್ನು ತಾನೇ ಹೊತ್ತು ತರುತ್ತದೆ. ಪ್ರತಿ ಅಂಕಿಯ ಹೆಸರು ಏನು, ಅದು ಬೈಟೋ ಸೆಕೆಂಡೋ, ಎಲ್ಲಿ ಕೂತಿದೆ ಎಂಬುದನ್ನು ಒಮ್ಮೆ ಓದಿಕೊಂಡರೆ ಸಾಕು. ಆಮೇಲೆ ಬರೀ ಅಂಕಿಗಳನ್ನು ಓದುತ್ತಾ ಹೋಗಬಹುದು. ಹಳೆಯ ‘ಸ್ಟ್ಯಾಟ್’ ಫೈಲ್ ಎಲ್ಲಿಗೂ ಹೋಗುವುದಿಲ್ಲ, ಸರಿ. ಅದರ ಪಕ್ಕದಲ್ಲೇ ಪ್ರತಿ ಪ್ರೋಗ್ರಾಂಗೂ ಇಂಥದ್ದೊಂದು ಇರಲಿ ಎನ್ನುವುದು ನನ್ನ ಆಸೆ.