ಮಳೆ ಹೊಯ್ದ ರಾತ್ರಿ ಕಳೆದು ಬೆಳಿಗ್ಗೆ ಜಗಲಿಯಲ್ಲಿ ನವರಂಗ ಹಕ್ಕಿ ಯಾಕೆ ಸಿಗ್ತದೆ?

ಅಕ್ಟೋಬರ್ ಬಂತಂದ್ರೆ ಶಿರಸಿ, ಕುಮಟಾ, ಕಾರವಾರ ಕಡೆಯವ್ರು ಕೇಳೋ ಪ್ರಶ್ನೆ ಇದು: "ರಾತ್ರಿ ಗುಡುಗು ಮಳೆ, ಬೆಳಿಗ್ಗೆ ಬಾಗ್ಲು ತೆಗೆದ್ರೆ ಜಗಲಿ ಮೂಲೆಯಲ್ಲಿ ಬಣ್ಣದ ಹಕ್ಕಿ ಕೂತಿದೆ, ಹತ್ರ ಹೋದ್ರೂ ಹಾರೋದಿಲ್ಲ, ಏನಾದ್ರೂ ಕಾಯಿಲೆಯಾ?"

ಬಹಳಷ್ಟು ಸಲ ಕಾಯಿಲೆ ಅಲ್ಲ, ಪ್ರಯಾಣದ ದಣಿವು. ಹಸಿರು ಬೆನ್ನು, ಕಣ್ಣಿನ ಮೇಲೆ ಹಾದು ಹೋಗೋ ದಪ್ಪ ಕಪ್ಪು ಪಟ್ಟೆ, ರೆಕ್ಕೆಯಲ್ಲಿ ಹೊಳೆಯೋ ನೀಲಿ, ಬಾಲದ ಬುಡದಲ್ಲಿ ಕಡುಗೆಂಪು, ಬಾಲ ಮಾತ್ರ ತೀರಾ ಗಿಡ್ಡ, ಹೀಗಿದ್ರೆ ಅದು ನವರಂಗ. ತೂಕ ಐವತ್ತು ಅರವತ್ತು ಗ್ರಾಂ ಅಷ್ಟೇ. ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡಿ ಚಳಿಗಾಲಕ್ಕೆ ದಕ್ಷಿಣಕ್ಕೆ ಬರ್ತದೆ, ಕೆಲವು ಶ್ರೀಲಂಕಾದವರೆಗೂ ಹೋಗ್ತವೆ, ಅದೂ ರಾತ್ರಿ ಹೊತ್ತು. ರಾತ್ರಿ ಗಾಳಿ ತಂಪು, ಗಿಡುಗನ ಕಾಟ ಕಮ್ಮಿ, ದಾರಿ ನೋಡ್ಲಿಕ್ಕೆ ನಕ್ಷತ್ರ ಇದೆ, ಹಗಲು ಹುಳ ಹುಪ್ಪಟೆ ತಿಂದು ಮೈಯಲ್ಲಿ ಕೊಬ್ಬು ಕೂಡಿಸ್ಕೊಳ್ಬಹುದು.

ಆದ್ರೆ ಯಾವ ರಾತ್ರಿ ಹೊರಡ್ಬೇಕು ಅನ್ನೋದನ್ನ ಬಹುಪಾಲು ಗಾಳಿಯೇ ತೀರ್ಮಾನ ಮಾಡ್ತದೆ. ಅಮೆರಿಕ, ಯುರೋಪ್ ಕಡೆ ಈ ಕಾಲದಲ್ಲಿ ಕೋಲ್ಡ್ ಫ್ರಂಟ್ ಬರ್ತವೆ, ಅಂದ್ರೆ ತಣ್ಣನೆ ಗಾಳಿ ಬಿಸಿಗಾಳಿಯನ್ನ ದೂಡ್ತಾ ಬರೋ ಗಡಿ. ಅದು ಬರೋ ಮುಂಚೆ ಗಾಳಿ ದಕ್ಷಿಣದ ಕಡೆಯಿಂದ, ಆಮೇಲೆ ಮೋಡ ಮಳೆ, ದಾಟಿ ಹೋದ್ಮೇಲೆ ಆಕಾಶ ತಿಳಿಯಾಗಿ ಗಾಳಿ ಉತ್ತರದಿಂದ ಬೀಸ್ಲಿಕ್ಕೆ ಶುರು ಆಗ್ತದೆ. ಲೆಕ್ಕ ಹಾಕಿ ನೋಡಿ, ಸಣ್ಣ ಹಕ್ಕಿ ಗಂಟೆಗೆ ನಲವತ್ತು ಕಿಲೋಮೀಟರ್ ಹಾರ್ತದೆ ಅಂದ್ಕೊಳ್ಳಿ, ಇಪ್ಪತ್ತರ ಗಾಳಿ ಎದುರಾದ್ರೆ ಸಾಗೋದು ಇಪ್ಪತ್ತೇ, ಅದೇ ಗಾಳಿ ಹಿಂದಿನಿಂದ ಬಂದ್ರೆ ಅರವತ್ತು, ಖರ್ಚಾಗೋ ಕೊಬ್ಬು ಅಷ್ಟೇ, ದೂರ ಮೂರು ಪಟ್ಟು! ಅದಕ್ಕೇ ಅವು ದಿನಗಟ್ಟಲೆ ಕಾಯ್ತವೆ. ತೂಫಾನಿನ ಮುನ್ಸೂಚನೆ ಇದ್ದಾಗ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತು, ಗಾಳಿ ಇಳಿದ ಕೂಡ್ಲೇ ಒಟ್ಟಿಗೆ ಹೊರಡ್ತವಲ್ಲ, ಹಾಗೆ. ಫ್ರಂಟ್ ದಾಟಿದ ರಾತ್ರಿ ಅಲ್ಲಿನ ಹವಾಮಾನ ರಾಡಾರ್‌ಗಳಲ್ಲಿ ಲಕ್ಷಗಟ್ಟಲೆ ಹಕ್ಕಿ ಮೇಲೇಳೋದು ಕಾಣ್ತದೆ.

ನಮ್ಮ ಕರಾವಳಿಗೆ ಆ ಥರದ ಫ್ರಂಟ್ ಬರೋದಿಲ್ಲ. ಇಲ್ಲಿ ಗಾಳಿ ತಿರುಗೋದು ಮುಂಗಾರು ವಾಪಸ್ ಹೋಗುವಾಗ, ಹೆಚ್ಚುಕಮ್ಮಿ ಅಕ್ಟೋಬರ್ ಮಧ್ಯಕ್ಕೆ. ನೈಋತ್ಯದ ಗಾಳಿ ಸೋತು ಮೂಡಗಾಳಿ, ಈಶಾನ್ಯದ ಗಾಳಿ ನಿಲ್ತದೆ. ನಾಗಾಲ್ಯಾಂಡಿನಿಂದ ಹೊರಟ ಪುಟ್ಟ ಗಿಡುಗಗಳಾದ ಅಮೂರ್ ಫಾಲ್ಕನ್‌ಗಳು ಅರಬ್ಬಿ ಸಮುದ್ರ ದಾಟಿ ಸೊಮಾಲಿಯಾ ಮುಟ್ಟೋದು ಈ ಗಾಳಿಯ ಬಲದಿಂದ್ಲೇ. ಆದ್ರೆ ಇದೇ ಹೊತ್ತಿಗೆ ಘಟ್ಟದ ಮೇಲೆ ಸಂಜೆ ಗುಡುಗು ಮಳೆ, ಸಮುದ್ರದಲ್ಲಿ ವಾಯುಭಾರ ಕುಸಿತ, 2019ರ ಅಕ್ಟೋಬರ್ ಕೊನೆಗೆ ಬಂದ ಕ್ಯಾರ್ ಚಂಡಮಾರುತ ನೆನಪಿರ್ಬಹುದು. ತಿಳಿ ಆಕಾಶ ನೋಡಿ ಹೊರಟ ಹಕ್ಕಿ ಅರ್ಧ ದಾರಿಯಲ್ಲಿ ಇಂಥ ಮೋಡಕ್ಕೆ ಸಿಕ್ಕಿದ್ರೆ ನಕ್ಷತ್ರ ಕಾಣೋದಿಲ್ಲ, ರೆಕ್ಕೆ ಒದ್ದೆ, ಕೆಳಗಿಳಿಯಲೇಬೇಕು.

ಕೆಳಗಿಳಿದಾಗ ಕಾಣೋದು ನಮ್ಮ ಲೈಟು, ನನಗೆ ನಿಜವಾಗಿ ಸಂಕಟ ಆಗೋದು ಇಲ್ಲಿ. ಅಸ್ಸಾಮಿನ ಜಟಿಂಗಾದಲ್ಲಿ ಮಂಜು ಕವಿದ ಕತ್ತಲ ರಾತ್ರಿ ಹಕ್ಕಿಗಳು ದೀಪಕ್ಕೆ ಬಂದು ಬೀಳೋದು ಹೀಗೇ. ಶಿಕಾಗೋದಲ್ಲಿ 2023ರ ಅಕ್ಟೋಬರ್‌ನಲ್ಲಿ ಗಾಳಿ ಅನುಕೂಲ ಆಗಿ ದೊಡ್ಡ ವಲಸೆ ಹೊರಟಿತ್ತು, ನಡುವೆ ಮಳೆ ಮೋಡ ಬಂತು, ಒಂದೇ ಕಟ್ಟಡದ ಗಾಜಿಗೆ ಬಡಿದು ಒಂದೇ ರಾತ್ರಿಯಲ್ಲಿ ಸಾವಿರದ ಹತ್ತಿರ ಹಕ್ಕಿ ಸತ್ತವು.

ಹಾಗಾಗಿ ಅಕ್ಟೋಬರ್, ನವೆಂಬರ್‌ನಲ್ಲಿ ಮೋಡ ಕೆಳಗಿಳಿದ ರಾತ್ರಿ ಅಂಗಳದ ಫೋಕಸ್ ಲೈಟ್, ರೆಸಾರ್ಟಿನ ಸೀರಿಯಲ್ ಲೈಟ್ ಆರಿಸಿ ಮಲಗಿ. ಹಕ್ಕಿ ಸಿಕ್ಕಿದ್ರೆ ಬೆಕ್ಕು ನಾಯಿ ದೂರ ಇಟ್ಟು, ತೂತು ಮಾಡಿದ ರಟ್ಟಿನ ಡಬ್ಬಿಯಲ್ಲಿ ಬಟ್ಟೆ ಹಾಸಿ ಕತ್ತಲೆ ಜಾಗದಲ್ಲಿಡಿ, ಬಾಯಿಗೆ ನೀರು ಬಿಡ್ಲೇಬೇಡಿ, ಅನ್ನ ಗಿನ್ನ ತುರುಕ್ಬೇಡಿ, ಫೋಟೋಕ್ಕೆ ಅಂತ ಪದೇಪದೇ ತೆಗೀಬೇಡಿ. ಒಂದೆರಡು ಗಂಟೆ ಬಿಟ್ಟು, ಮಳೆ ಇಲ್ದಿದ್ರೆ, ಮರಗಳ ನೆರಳಿರೋ ಕಡೆ ಡಬ್ಬಿ ತೆರೆದಿಡಿ. ರೆಕ್ಕೆ ಜೋತಿದ್ರೆ, ರಕ್ತ ಕಂಡ್ರೆ ಅರಣ್ಯ ಇಲಾಖೆಗೆ ತಿಳಿಸಿ.