ಮಾನ್ವಿಯಿಂದ ರಾಯಚೂರಿಗೆ, ವಯಾ ದುಬೈ

ಮಾವನ ಮೊಬೈಲ್ ಬಿಲ್ಲಿನಲ್ಲಿ ಎರಡು ಸಾಲು ಒಂದರ ಕೆಳಗೊಂದು ಇದ್ದವು. 9:12ಕ್ಕೆ ಮಾನ್ವಿಯ ನಂಬರಿನಿಂದ ಬಂದ ಕರೆ, 4 ನಿಮಿಷ. ಅದೇ 9:12ಕ್ಕೆ ರಾಯಚೂರಿನ ನಂಬರಿಗೆ ಹೋದ ಕರೆ, ಅದೂ 4 ನಿಮಿಷ. ಹೋದ ಕರೆಯ ನಂಬರು ಮಾವನ ಸ್ವಂತ ಅಂಗಡಿಯದು. ಇಂಥ ಜೋಡಿ ಸಾಲುಗಳೇ ಎರಡು ಪುಟ. ಕೊನೆಯಲ್ಲಿ ₹9,000 ಚಿಲ್ಲರೆ.

ಮಾವ ಅಂದ್ರೆ ನನ್ನ ಸೋದರಮಾವ. ರಾಯಚೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾರೆ. ಹತ್ತು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಅಂತ ಅತ್ತೆಯ ಜೊತೆ ದುಬೈಗೆ ಹೋಗಿ ಇಪ್ಪತ್ತು ದಿನ ಇದ್ದು ಬಂದರು. ಊರಿನ ಸಿಮ್ಮನ್ನೇ ಹೊರದೇಶದಲ್ಲಿ ಬಳಸಿದ್ದಕ್ಕೆ, ಅಂದರೆ ರೋಮಿಂಗಿಗೆ, ಬಂದ ಬಿಲ್ಲು ಇದು. ನಾನು ಬಳ್ಳಾರಿಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳುವವನಾದ್ದರಿಂದ ಬಿಲ್ಲು ನನ್ನ ಕೈಗೆ ಬಂತು.

"ಒಂದು ಕಾಲೂ ಎತ್ತಿಲ್ಲೋ ಅಳಿಯಾ. ಎತ್ತಿದ್ರ ರೊಕ್ಕ ಹತ್ತತದಂತ ಗೊತ್ತಿತ್ತು. ಅಂಗಡಿಗೂ ಹಚ್ಚಿಲ್ಲ. ಮತ್ತ 9:12ಕ್ಕ ನಮ್ಮ ಅಂಗಡಿ ಬಾಗಿಲಾನ ತೆಗೆದಿರಂಗಿಲ್ಲ. ಪಕ್ಕಾ ಸುಳ್ಳು ಬಿಲ್ಲು" ಅಂದರು ಮಾವ.

ಅಂಗಡಿ ಕಟ್ಟೆಯ ಮೇಲೆ ಕೂತವರು ಆಗಲೇ ತೀರ್ಪು ಕೊಟ್ಟಾಗಿತ್ತು. ಒಬ್ಬರು, "ದುಬೈ ಅಂದ್ರ ಸ್ಯಾಟಲೈಟ್ ಮ್ಯಾಲಿಂದ ಬರ್ತದ, ಅದಕ್ಕ ತುಟ್ಟಿ" ಅಂದರು. ಇನ್ನೊಬ್ಬರು ನಂಬರಿನ ಅಂಕಿಗಳನ್ನೆಲ್ಲ ಕೂಡಿ, "8 ಬರ್ತದ, ಶನಿದು. ನಂಬರ್ ಬದಲಿ ಮಾಡಿಬಿಡ್ರಿ" ಅಂದರು. ಹತ್ತು ಅಂಕಿ ಕೂಡುತ್ತಾ ಒಂದಂಕಿಗೆ ಇಳಿಸಿದರೆ 1ರಿಂದ 9ರೊಳಗೆ ಏನೋ ಒಂದು ಬರಲೇಬೇಕು. ಆ ಲೆಕ್ಕದಲ್ಲಿ ಒಂಬತ್ತು ಫೋನಿಗೆ ಒಂದರಂತೆ ಊರಿಗೆಲ್ಲ ಶನಿ ಹಿಡಿದಿರಬೇಕು! ಸ್ಯಾಟಲೈಟಿನ ಮಾತಂತೂ ಓದಿದವರ ಬಾಯಲ್ಲೂ ಕೇಳುತ್ತೇನೆ. ಭೂಸ್ಥಿರ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಮಾತು ಅಲ್ಲಿಗೆ ಹತ್ತಿ ಇಳಿಯಲು ಕಾಲು ಸೆಕೆಂಡ್ ಬೇಕು, ಪ್ರತಿ "ಹಲೋ"ಗೂ ತಡವರಿಸಬೇಕಾಗುತ್ತದೆ. ದುಬೈ ಮಾತು ಬರುವುದು ಅರಬ್ಬಿ ಸಮುದ್ರದ ತಳದಲ್ಲಿ ಮಲಗಿರುವ ಗಾಜಿನ ಎಳೆಯ ಕೇಬಲ್ಲಿನಲ್ಲಿ. ರಾಯಚೂರಿಂದ ನೇರ ಗೆರೆ ಎಳೆದರೆ 2,500 ಕಿ.ಮೀ. ಆಸುಪಾಸು. ಬೆಳಕಿಗೆ ಅದು ಸೆಕೆಂಡಿನ ನೂರರಲ್ಲೊಂದು ಭಾಗಕ್ಕಿಂತ ಚೂರು ಜಾಸ್ತಿ ಹೊತ್ತಿನ ದಾರಿ.

ಬಿಲ್ಲು ಸುಳ್ಳಲ್ಲ. ಅದಕ್ಕಿಂತ ಸಂಕಟದ ವಿಷಯ ಅಂದರೆ, ಅದು ಎತ್ತದೇ ಇದ್ದದ್ದಕ್ಕೇ ಬಿದ್ದ ರೊಕ್ಕ.

ನಮ್ಮವರಿಗೆ ಇದು ನುಂಗಲಾಗದ ಮಾತು. ನಾವು ಮಿಸ್ಡ್ ಕಾಲಿನ ಜನ. ಭಾರತದಲ್ಲಿ ಮೊಬೈಲ್ ಶುರುವಾದದ್ದು 1995ರ ಜುಲೈ 31ಕ್ಕೆ. ಅದಾಗಿ 2003ರವರೆಗೂ ಬಂದ ಕರೆಗೂ ದುಡ್ಡಿತ್ತು. ಎತ್ತಿದರೆ ಖರ್ಚು, ಎತ್ತದಿದ್ದರೆ ಪುಕ್ಕಟೆ. ಎರಡು ರಿಂಗ್ ಅಂದ್ರೆ "ಬಸ್ ಹತ್ತಿದೆ", ಮೂರು ರಿಂಗ್ ಅಂದ್ರೆ "ಊಟಕ್ಕೆ ಕಾಯಬೇಡ". ಆ ಪಾಠ ಕಲಿತ ತಲೆಮಾರಿನವರು ಮಾವ. ದುಬೈಯಲ್ಲೂ ಅದನ್ನೇ ಪಾಲಿಸಿದರು.

ಈಗ ನನ್ನ ಇಷ್ಟದ ಭಾಗ. ಹೊರದೇಶಕ್ಕೆ ಹೋದ ಸಿಮ್ ಮದುವೆಯಾಗಿ ಹೋದ ಮಗಳ ಹಾಗೆ. ಇರುವುದು ಅಲ್ಲಿ, ತವರು ಇಲ್ಲಿ. ತವರಿನಲ್ಲಿ ಒಂದು ದೊಡ್ಡ ದಫ್ತರ ಇರುತ್ತದೆ. ಹೋಮ್ ಲೊಕೇಶನ್ ರಿಜಿಸ್ಟರ್, ಎಚ್‌ಎಲ್‌ಆರ್ ಅಂತ ಹೆಸರು. ಯಾವ ನಂಬರು ಈಗ ಯಾವ ಊರಿನಲ್ಲಿದೆ ಎಂಬುದನ್ನು ಅದರಲ್ಲಿ ಬರೆದಿಟ್ಟಿರುತ್ತಾರೆ. ದುಬೈಯಲ್ಲಿ ಇಳಿದು ಫೋನ್ ಆನ್ ಮಾಡಿದ ತಕ್ಷಣ ಅಲ್ಲಿನ ಟವರ್ ಸಿಮ್ಮಿನ ಒಳನಂಬರು ಕೇಳುತ್ತದೆ. ಅದು ನಾವು ಡಯಲ್ ಮಾಡುವ ನಂಬರಲ್ಲ, 15 ಅಂಕಿಗಳದ್ದು. ಮೊದಲ ಮೂರು ಅಂಕಿ 404 ಅಥವಾ 405 ಇದ್ದರೆ ಭಾರತದವನು ಅಂತ ಅರ್ಥ. ಕೂಡಲೇ ದುಬೈ ಕಂಪನಿ ನಮ್ಮ ಕಂಪನಿಗೆ ಕೇಳುತ್ತದೆ: ಇವನು ನಿಮ್ಮವನೇನು? ಸಾಲ ಕೊಡಬಹುದೇನು? ಲಾಡ್ಜಿನವನು ಆಧಾರ್ ನೋಡಿ, ಊರಿನ ಗೌಡರಿಗೂ ಒಂದು ಫೋನ್ ಮಾಡಿ ವಿಚಾರಿಸಿದ ಹಾಗೆ. ತವರಿನವರು ಹೌದೆಂದು, ಜೊತೆಗೊಂದು ಚೀಟಿಯನ್ನೂ ಕಳಿಸುತ್ತಾರೆ. ಈ ಗಿರಾಕಿಗೆ ಏನೇನು ಸೌಲಭ್ಯ ಇದೆ, ಎತ್ತದಿದ್ದರೆ ಕರೆಯನ್ನು ಎಲ್ಲಿಗೆ ದಾಟಿಸಬೇಕು ಎಂಬುದೆಲ್ಲ ಅದರಲ್ಲಿರುತ್ತದೆ.

ಮಾವ ಬಹಳ ಹಿಂದೆ ಒಂದು ಏರ್ಪಾಡು ಮಾಡಿಕೊಂಡಿದ್ದರು. ಮೊಬೈಲ್ ಎತ್ತದಿದ್ದರೆ ಕರೆ ಅಂಗಡಿಯ ಲ್ಯಾಂಡ್‌ಲೈನಿಗೆ ಹೋಗಲಿ ಅಂತ. ಮಾಡಿಕೊಂಡದ್ದು ಅವರಿಗೇ ಮರೆತುಹೋಗಿತ್ತು. ಚೀಟಿ ಮರೆತಿರಲಿಲ್ಲ.

ಮಾನ್ವಿಯಿಂದ ಒಬ್ಬ ರೈತ ಫೋನ್ ಹಚ್ಚುತ್ತಾನೆ. ಕರೆ ನಮ್ಮ ಕಂಪನಿಗೆ ಬರುತ್ತದೆ. ದಫ್ತರ ನೋಡಿದರೆ ಗಿರಾಕಿ ದುಬೈಯಲ್ಲಿ! ಅಲ್ಲಿಂದ ತಾತ್ಕಾಲಿಕ ನಂಬರೊಂದನ್ನು ಕೇಳಿ ಪಡೆಯುತ್ತಾರೆ, ಬ್ಯಾಂಕಿನ ಟೋಕನ್ ಇದ್ದಂತೆ. ಕರೆ ಆ ಟೋಕನ್ ಹಿಡಿದು ಸಮುದ್ರ ದಾಟುತ್ತದೆ. ರೈತ ಕೊಡುವುದು ಊರೊಳಗಿನ ದರ ಮಾತ್ರ, ಮಾವ ಎಲ್ಲಿದ್ದಾರೆ ಅಂತ ಅವನಿಗೇನು ಗೊತ್ತು? ಸಮುದ್ರ ದಾಟಿದ ಖರ್ಚು ಮಾವನ ತಲೆಗೆ. ಮಾವ ಹೆಸರು ನೋಡಿ ಸುಮ್ನೆ ಜೇಬಿಗೆ ಹಾಕುತ್ತಾರೆ. ಫೋನ್ ಹೊಡೆದುಕೊಂಡು ಸುಮ್ಮನಾಗುತ್ತದೆ. ಆಗ ದುಬೈ ಎಕ್ಸ್‌ಚೇಂಜ್ ಚೀಟಿ ತೆಗೆದು ನೋಡಿ, ವಿಧೇಯನಾಗಿ ರಾಯಚೂರಿನ ಅಂಗಡಿಗೆ ಹೊಸ ಅಂತರರಾಷ್ಟ್ರೀಯ ಕರೆ ಮಾಡುತ್ತದೆ. ಅದೂ ಮಾವನ ತಲೆಗೇ. ಅಂಗಡಿ ಹುಡುಗ ಎತ್ತುತ್ತಾನೆ. ಮಾನ್ವಿಯಿಂದ ರಾಯಚೂರು 45 ಕಿ.ಮೀ. ಇರಬಹುದು. ಮಾತು ಮಾತ್ರ ಎರಡು ಸಲ ಸಮುದ್ರ ದಾಟಿ ಐದು ಸಾವಿರ ಕಿ.ಮೀ. ಅಲೆದಿರುತ್ತದೆ. ಮದುವೆಯಾದ ಮಗಳಿಗೆ ಬಂದ ಮನಿಯಾರ್ಡರ್ ಅವಳ ಗಂಡನ ಮನೆಗೆ ಹೋಗಿ, ಬಾಗಿಲು ಹಾಕಿದೆ ಅಂತ ಮತ್ತೆ ತವರಿಗೆ ಬಂದ ಹಾಗೆ, ಎರಡೂ ಕಡೆಯ ಖರ್ಚು ಅವಳದೇ. ಎಂಜಿನಿಯರುಗಳು ಇದಕ್ಕೆ ಟ್ರಾಂಬೋನ್ ಅನ್ನುತ್ತಾರೆ. ಮದುವೆ ಬ್ಯಾಂಡಿನಲ್ಲಿ ಕೊಳವೆಯನ್ನು ಮುಂದಕ್ಕೆ ತಳ್ಳಿ ಹಿಂದಕ್ಕೆ ಎಳೆಯುತ್ತಾರಲ್ಲ, ಆ ವಾದ್ಯ.

ಫೋನ್ ಆಫ್ ಮಾಡಿಟ್ಟಿದ್ದರೆ? ಆಗ ಸಾಮಾನ್ಯವಾಗಿ ತವರಿನ ಕಂಪನಿಗೆ "ಸಿಗುತ್ತಿಲ್ಲ" ಅಂತ ಮೊದಲೇ ತಿಳಿಯುತ್ತದೆ, ಸಿಗದಿದ್ದಾಗಲೂ ತಿರುಗಿಸುವ ಏರ್ಪಾಡಿದ್ದರೆ ಕರೆ ಸಮುದ್ರ ದಾಟದೆ ಇಲ್ಲಿಂದಲೇ ಅಂಗಡಿಗೆ ತಿರುಗುತ್ತದೆ. ಹೊರಡುವ ಮುಂಚೆಯೇ ಎಲ್ಲಾ ಕರೆಯನ್ನೂ ನೇರ ಅಂಗಡಿಗೆ ತಿರುಗಿಸಿದ್ದರೂ ಹಾಗೇ. ಫೋನ್ ಆನ್ ಇಟ್ಟು ಎತ್ತದಿರುವುದೇ ಎಲ್ಲಕ್ಕಿಂತ ತುಟ್ಟಿ. ಮಾತನ್ನೂ 4ಜಿ ಜಾಲದಲ್ಲೇ ಸಾಗಿಸುವ ಈಗಿನ ವೋಲ್ಟಿ ರೋಮಿಂಗಿನಲ್ಲಿ ಕರೆಯ ದಾರಿ ಬೇರೆಯಾಗಿರಬಹುದು. ಮಾವ ಹೋದಾಗ ಇದ್ದದ್ದು ಹಳೆಯ ಪದ್ಧತಿ.

ಇನ್ನು 9:12ರ ಗುಟ್ಟು. ರೋಮಿಂಗ್ ಲೆಕ್ಕವನ್ನು ಬರೆಯುವುದು ಹೋದ ಊರಿನ ಕಂಪನಿ, ಅಲ್ಲಿನ ಗಡಿಯಾರ ನೋಡಿ. ದುಬೈ ನಮಗಿಂತ ಒಂದೂವರೆ ತಾಸು ಹಿಂದೆ. ಅಲ್ಲಿ 9:12 ಆದಾಗ ಇಲ್ಲಿ 10:42. ಅಂಗಡಿ ತೆರೆದು ಊದಿನಕಡ್ಡಿಯೂ ಆರಿರುತ್ತದೆ.

ಆ ಕಂಪನಿ ಬರೆದ ಲೆಕ್ಕ ಟ್ಯಾಪ್ ಅನ್ನುವ ಫೈಲಿನಲ್ಲಿ ಇಲ್ಲಿಗೆ ಬರುತ್ತದೆ. ದಿರ್ಹಮ್, ರೂಪಾಯಿಗಳ ಗೊಂದಲ ಬೇಡ ಅಂತ ಲೆಕ್ಕ ಇಡುವುದು ಎಸ್‌ಡಿಆರ್‌ನಲ್ಲಿ. ಅಂತರರಾಷ್ಟ್ರೀಯ ಹಣಕಾಸು ನಿಧಿ 1969ರಲ್ಲಿ ಹುಟ್ಟಿಸಿದ, ಯಾರ ಜೇಬಿನಲ್ಲೂ ಇರದ ಲೆಕ್ಕದ ಹಣ ಅದು. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ರಾಯಚೂರು ಸೀಮೆ ನಿಜಾಮರದು, ಬಳ್ಳಾರಿ ಮದರಾಸು ಪ್ರಾಂತ್ಯದ್ದು, ನಡುವೆ ತುಂಗಭದ್ರೆ. ಗಂಗಾವತಿಯವರ ಕೈಯಲ್ಲಿ ನಿಜಾಮರ ಹಾಲಿ ಸಿಕ್ಕಾ, ಹೊಳೆ ದಾಟಿ ಕಂಪ್ಲಿಗೆ ಬಂದರೆ ಬ್ರಿಟಿಷರ ಕಲ್ದಾರ್ ರೂಪಾಯಿ. ಹೆಚ್ಚುಕಮ್ಮಿ ಏಳು ಹಾಲಿಗೆ ಆರು ಕಲ್ದಾರ್. ಹೊಳೆ ಅದೇ, ಜನರೂ ಅವರೇ, ದಡ ಬದಲಾದರೆ ದರ ಬೇರೆ. ರೋಮಿಂಗೂ ಅಷ್ಟೇ. ಅಲ್ಲಿ ದುಡ್ಡು ಬೀಳುವುದು ದೂರಕ್ಕಲ್ಲ, ಒಪ್ಪಂದಕ್ಕೆ. 2017ರ ಜೂನ್ 15ರಂದು ಯುರೋಪಿಯನ್ ಒಕ್ಕೂಟ ತನ್ನ ದೇಶಗಳೊಳಗಿನ ರೋಮಿಂಗ್ ಹೆಚ್ಚುವರಿ ಶುಲ್ಕವನ್ನು ತೆಗೆದುಹಾಕಿತು. ಆ ದಿನಕ್ಕಾಗಿ ಯಾರೂ ಹೊಸ ಕೇಬಲ್ ಎಳೆದಿರಲಿಲ್ಲ.

ಡೇಟಾದ ಕತೆ ಎಲ್ಲರಿಗೂ ಗೊತ್ತು, ಬೇಗ ಹೇಳಿ ಮುಗಿಸುತ್ತೇನೆ. ಅದೂ ಸಾಮಾನ್ಯವಾಗಿ ತವರಿಗೆ ಬಂದೇ ಹೊರಡುತ್ತದೆ. 10 ಕೆಬಿಗೆ ಇಷ್ಟು ಪೈಸೆ ಅಂತ ದರ ಬರೆದಿದ್ದರೆ ಹೆದರಿ. 10 ಪೈಸೆ ಅಂದುಕೊಂಡರೂ 3 ಎಂಬಿಯ ಒಂದು ಫೋಟೋ 30 ರೂಪಾಯಿ ಮೀರುತ್ತದೆ. ಮೊಮ್ಮಗನ ಫೋಟೋಗಳನ್ನು ಫೋನ್ ತಾನಾಗಿಯೇ ಕ್ಲೌಡಿಗೆ ಏರಿಸುತ್ತಾ ಕೂತರೆ ಲೆಕ್ಕ ನೀವೇ ಹಾಕಿ. ಡೇಟಾ ರೋಮಿಂಗ್ ಆಫ್ ಇರಲಿ. ಹೊರಡುವ ಮುಂಚೆ ##002# ಒತ್ತಿ ಹಳೆಯ ಫಾರ್ವರ್ಡ್‌ಗಳನ್ನೆಲ್ಲ ಕಿತ್ತುಹಾಕಿ.

ಮಾವ ಎಲ್ಲಾ ಕೇಳಿ, ಬಿಲ್ಲಿನಲ್ಲಿ 11 ನಿಮಿಷದ ಒಂದು ಜೋಡಿಗೆ ಬೆರಳಿಟ್ಟರು. ಅಂಗಡಿ ಹುಡುಗನನ್ನು ಕರೆದರು. ಅವನಿಗೆ ನೆನಪಿತ್ತು.

"ಯೂರಿಯಾ ಬಂದದೇನಂತ ಕೇಳಿದ್ರಿ ಅವ್ರು. ಫೋನ್ ಹಿಡ್ಕೊಂಡಿರ್ರಿ ಅಂತ ಹೇಳಿ ಗೋದಾಮಿಗೆ ಹೋಗಿ ನೋಡ್ಕೊಂಡು ಬಂದೆರಿ."

"ಬಂದಿತ್ತೇನು?"

"ಇಲ್ರಿ."